ಒಳಗಿನವರ ಪಟ್ಟಿಯಲ್ಲಿ ಗಂಗರತ್ನಮ್ಮ

ಹುತ್ತೂರಿನ ಗಂಗರತ್ನಮ್ಮನಿಗೆ ಮಾಲೂರಿನ ಒಂದು ದೊಡ್ಡ ಕಂಪನಿಯಲ್ಲಿ ಪಾಲಿದೆ ಎಂಬುದು ಊರಿನಲ್ಲಿ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಂಥ ಲಕ್ಷಣ ಆಕೆಯಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಬೆಳಗಾದರೆ ಹಿಪ್ಪುನೇರಳೆ ತೋಟ, ಸೊಪ್ಪು ತಂದು ಇಳಿಸಿದರೆ ಹುಳುಮನೆ, ಅಲ್ಲಿಂದ ಈಚೆ ಬಂದರೆ ಒಲೆ. ರೇಷ್ಮೆ ಹುಳು ಪೊರೆ ಬಿಡಲು ಜ್ವರಕ್ಕೆ ಕೂತು ಸೊಪ್ಪು ತಿನ್ನುವುದು ಬಿಟ್ಟಾಗಲೇ ಈ ಮನೆ ಹೆಂಗಸರಿಗೆ ಬಿಡುವು ಎಂದು ಆಕೆಯ ಅತ್ತೆ ಹೇಳುತ್ತಿದ್ದಳು. ಅತ್ತೆ ಹೋದ ಮೇಲೆ ಆ ಮಾತನ್ನು ಗಂಗರತ್ನಮ್ಮ ಹೇಳತೊಡಗಿದಳು. ಗಂಡ ಸುಬ್ಬರಾಯಪ್ಪನ ತಾಯಿಯ ತವರು ಶ್ರೀನಿವಾಸಪುರದ ಕಡೆ. ಅವನದು ಅರ್ಧ ಮಾತು ತೆಲುಗು, ಇನ್ನರ್ಧ ಮೌನ. ಮಗ ಉಮೇಶ ನರಸಾಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಶಿಫ್ಟು ಮುಗಿಸಿ ಬಂದು ಅಮ್ಮನ ಜೊತೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ.

ಪಾಲು ಬಂದದ್ದು ಅಣ್ಣನಿಂದ. ಗಂಗರತ್ನಮ್ಮನ ತಂದೆ ಕೋದಂಡರಾಮಪ್ಪ ಮಾಲೂರಿನ ಹತ್ತಿರದ ರಾಗಿ ಬೆಳೆಗಾರ. ಅವನು ತೀರಿಕೊಂಡಾಗ ಮಕ್ಕಳು ಇಬ್ಬರೇ: ಹಿರಿಯ ದೊಡ್ಡನಾರಾಯಣಪ್ಪ ಮತ್ತು ಮದುವೆಯಾಗಿ ಹುತ್ತೂರು ಸೇರಿದ್ದ ಗಂಗರತ್ನಮ್ಮ. ದೊಡ್ಡನಾರಾಯಣಪ್ಪ ಬೆಂಗಳೂರಿನ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು, ಯಂತ್ರದ ಗುಣ ತಿಳಿದುಕೊಂಡು ಊರಿಗೆ ಮರಳಿದವನು. ಟೊಮೇಟೊ ಬೆಳೆಯುವವರಿಗೆಲ್ಲ ಇನ್ನು ಮುಂದೆ ಹನಿ ನೀರಾವರಿಯ ಪೈಪು ಬೇಕಾಗುತ್ತದೆ ಎಂದು ಅವನ ತಲೆಗೆ ಹೊಕ್ಕಿತ್ತು. ಶೆಡ್ಡು ಹಾಕಲು ರಸ್ತೆ ಪಕ್ಕದ ಹೊಲ ಬೇಕು. ಅದರಲ್ಲಿ ತಂಗಿಗೂ ಹಕ್ಕಿತ್ತು. ಒಂದು ದಿನ ಬಸ್ಸಿನಲ್ಲಿ ಹುತ್ತೂರಿಗೆ ಬಂದು ಜಗಲಿಯ ಮೇಲೆ ಕೂತ.

"ಗಂಗಾ, ರೋಡ್ ಪಕ್ಕದ ಹೊಲ ನಂಗೆ ಬಿಟ್ಕೊಡು. ಶೆಡ್ಡು ಹಾಕ್ತೀನಿ."

"ತಗೋಳಣ್ಣ. ನಾನೇನ್ ಆ ನೆಲಾನ ಹುತ್ತೂರಿಗೆ ಹೊತ್ಕೊಂಡು ಬರ್ತೀನಾ?"

"ಹಂಗಲ್ಲ ಕಣಮ್ಮ. ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಸೈನ್ ಹಾಕಿಸ್ಕೊಂಡು ಹೋಗೋನಲ್ಲ ನಾನು. ಕಂಪ್ನಿ ಅಂತ ಮಾಡ್ತಾ ಇದೀನಿ. ಅದ್ರಲ್ಲಿ ನಿನ್ ಹೆಸರಿಗೂ ಷೇರು ಬರಸ್ತೀನಿ."

ನೆಲ ಕೊಟ್ಟು ಕಾಗದ ತಂದಳು ಎಂದು ಸುಬ್ಬರಾಯಪ್ಪ ತೆಲುಗಿನಲ್ಲಿ ನಕ್ಕ. ಗಂಗರತ್ನಮ್ಮ ಷೇರು ಪತ್ರಗಳನ್ನು ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಳು, ಮರೆತಳು.

ಕಂಪನಿಗೆ ತಂದೆಯ ನೆನಪಿಗೆ 'ಕೋದಂಡ ಪೈಪ್ಸ್' ಎಂದು ಹೆಸರಿಟ್ಟರು. ಅದು ಒಂದು ಶೆಡ್ಡಿನಿಂದ ಮೂರಕ್ಕೆ ಬೆಳೆಯಿತು, ಆಮೇಲೆ ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾಂಪೌಂಡಿನೊಳಗೆ ಹೋಯಿತು. ದೊಡ್ಡನಾರಾಯಣಪ್ಪನ ಮಗ ಶ್ರೀಧರ್ ಎಂಜಿನಿಯರಿಂಗ್ ಓದಿ ಅಪ್ಪನ ಪಕ್ಕದ ಕುರ್ಚಿಗೆ ಬಂದ. ಅವನ ಕಾಲದಲ್ಲಿ ಕಂಪನಿಯ ಷೇರು ಪೇಟೆಗೆ ಹೋಯಿತು. ಆಗ ಶ್ರೀಧರ್ ಫೋನು ಮಾಡಿ, ಅತ್ತೆ ಗಂಗರತ್ನಮ್ಮನ ಪಾನ್ ಕಾರ್ಡು, ಆಧಾರು ಎಲ್ಲ ತರಿಸಿಕೊಂಡ. ಸೀರೆಯ ಮಡಿಕೆಯಲ್ಲಿದ್ದ ಪತ್ರಗಳು ಕಂಪ್ಯೂಟರಿನೊಳಗೆ ಸೇರಿದವು. ಖಾತೆಗೆ ಉಮೇಶನ ಫೋನ್ ನಂಬರು ಕೊಟ್ಟರು, ಏಕೆಂದರೆ ಗಂಗರತ್ನಮ್ಮನ ಫೋನು ಮಾತಾಡುವುದಕ್ಕಷ್ಟೇ ಆಗುತ್ತಿತ್ತು. ವರ್ಷಕ್ಕೊಮ್ಮೆ ಬ್ಯಾಂಕಿಗೆ ಲಾಭಾಂಶ ಬರುತ್ತಿತ್ತು. ಅದರಲ್ಲಿ ಒಂದು ಸಲ ಹಸು ತಂದಳು. ಇನ್ನೊಂದು ಸಲ ಸೊಸೆಗೆ ಓಲೆ ಮಾಡಿಸಿದಳು. ಆಕೆಗೆ ಗೊತ್ತಿದ್ದ ಕಂಪನಿ ಅಷ್ಟು.

ಗೊತ್ತಿಲ್ಲದ್ದು ಇನ್ನೊಂದಿತ್ತು. ಪೇಟೆಗೆ ಹೋದ ಕಂಪನಿ ಮೂರು ತಿಂಗಳಿಗೊಮ್ಮೆ ತನ್ನ ಒಡೆಯರು ಯಾರೆಂದು ಪ್ರಕಟಿಸಬೇಕು. ಹುಟ್ಟುಹಾಕಿದವರು ಮತ್ತು ಅವರ ರಕ್ತಸಂಬಂಧಿಗಳು ಪ್ರವರ್ತಕರ ಗುಂಪು ಎಂದು ಒಂದು ಕಡೆ. ಉಳಿದವರೆಲ್ಲ ಸಾರ್ವಜನಿಕರು ಎಂದು ಇನ್ನೊಂದು ಕಡೆ. ಅವರಲ್ಲಿ ಮ್ಯೂಚುವಲ್ ಫಂಡು, ವಿಮಾ ಕಂಪನಿಯಂಥ ದೊಡ್ಡ ಸಂಸ್ಥೆಗಳೂ ಇರುತ್ತವೆ, ನೂರು ಇನ್ನೂರು ಷೇರಿನ ಬಡಪಾಯಿಗಳೂ ಇರುತ್ತಾರೆ. ಪೇಟೆಯ ಜನ ಆ ಪಟ್ಟಿಯನ್ನು ಜಾತಕದಂತೆ ಓದುತ್ತಾರೆ. ಮನೆಯವರು ಹಿಡಿದುಕೊಂಡಿದ್ದಾರೋ ಬಿಡುತ್ತಿದ್ದಾರೋ, ಸಂಸ್ಥೆಗಳು ಒಳಗೆ ಬರುತ್ತಿವೆಯೋ ಜಾಗ ಖಾಲಿ ಮಾಡುತ್ತಿವೆಯೋ ಎಂದು. ಕೋದಂಡ ಪೈಪ್ಸಿನ ಪ್ರವರ್ತಕರ ಪಟ್ಟಿಯಲ್ಲಿ ದೊಡ್ಡನಾರಾಯಣಪ್ಪ, ಹೆಂಡತಿ ಅನಸೂಯಮ್ಮ, ಮಗ ಶ್ರೀಧರ್ ಇವರ ಕೆಳಗೆ ನಾಲ್ಕನೆಯವಳಾಗಿ ಗಂಗರತ್ನಮ್ಮ ಇದ್ದಳು. ಮುಂಬೈಯ ಯಾವುದೋ ಕಚೇರಿಯಲ್ಲಿ ಯಾರೋ ಆ ಹೆಸರನ್ನು ಓದುತ್ತಿದ್ದರು. ಹುತ್ತೂರಿನಲ್ಲಿ ಯಾರೂ ಓದಿರಲಿಲ್ಲ.

ಕೊರೋನಾ ಹಿಂದಕ್ಕೆ ಸರಿದ ವರ್ಷ ಗಂಗರತ್ನಮ್ಮನ ಹುಳುಮನೆಗೆ ಸುಣ್ಣಕಟ್ಟು ರೋಗ ಬಂತು. ಹುಳುಗಳು ಸುಣ್ಣದ ಕಡ್ಡಿಯಂತೆ ಬಿಳುಪೇರಿ ಸೆಟೆದು ಹೋದವು. ಹಳೆಯ ಮನೆ, ತಗ್ಗು ಮಾಡು, ಗಾಳಿಯಾಡದ ಕಿಟಕಿ. ಎಷ್ಟು ತೊಳೆದರೂ ರೋಗ ಮೂಲೆಯಲ್ಲಿ ಕೂತೇ ಇರುತ್ತಿತ್ತು. ಹೊಸ ಹುಳುಮನೆ ಕಟ್ಟಬೇಕು ಎಂದು ಬೇಸಿಗೆಯಲ್ಲೇ ಮಾತಾಯಿತು. ಗಾರೆ ಮೇಸ್ತ್ರಿ ಮುನೇಶ ಬಂದು ಹಗ್ಗ ಹಿಡಿದು ಅಳೆದು ಹೋಗಿದ್ದ. ಬ್ಯಾಂಕಿನ ಬಾಗಿಲಿಗೆ ಹೋಗುವುದಕ್ಕಿಂತ ಇರುವ ಷೇರಿನಲ್ಲಿ ಒಂದಿಷ್ಟು ಮಾರಿದರಾಯಿತು ಎಂದು ಉಮೇಶ ಹೇಳಿದ. ಅಣ್ಣನನ್ನು ಒಂದು ಮಾತು ಕೇಳಿ ಮಾಡೋಣ ಎಂದು ಗಂಗರತ್ನಮ್ಮ ಸುಮ್ಮನಾದಳು. ಕೇಳುವುದಕ್ಕೆ ಹೊತ್ತು ಕೂಡಿ ಬರಲಿಲ್ಲ.

ದಸರಾ ಕಳೆದ ಮೇಲೆ ತಂದೆಯ ತಿಥಿ. ಗಂಡ ಹೆಂಡತಿ ಮಾಲೂರಿಗೆ ಹೋದರು. ಅಣ್ಣನನ್ನು ಕಂಡು ಷೇರಿನ ಮಾತು ಎತ್ತಬೇಕೆಂದುಕೊಂಡೇ ಹೋಗಿದ್ದಳು. ಊಟಕ್ಕೆ ಕೂತಾಗ ಎಲೆಯಲ್ಲಿ ಒಬ್ಬಟ್ಟು ಬಂತು. ದೊಡ್ಡನಾರಾಯಣಪ್ಪ ಹುಡುಗನಾಗಿದ್ದಾಗಿನಿಂದ ಒಬ್ಬಟ್ಟಿಗೆ ಪ್ರಾಣ ಬಿಡುವವನು. ಆವತ್ತು ಅದನ್ನು ಬೆರಳಿನಿಂದ ಆಚೆ ಸರಿಸಿ, ಮಜ್ಜಿಗೆ ಅನ್ನ ಕಲಸಿ, ಅದನ್ನೂ ಪೂರ್ತಿ ಉಣ್ಣದೆ ಎದ್ದ. ಎದುರು ಸಾಲಿನಲ್ಲಿದ್ದ ಗಂಗರತ್ನಮ್ಮ ನೋಡಿದಳು. ಊಟವಾದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಒತ್ತರಿಸುತ್ತ ಅತ್ತಿಗೆಯನ್ನು ಕೇಳಿದಳು.

"ಅಣ್ಣಂಗೆ ಮೈ ಸರಿ ಇಲ್ವಾ ಅತ್ತಿಗೆ?"

"ಮೈಗೇನಾಗಿಲ್ಲ ಕಣೇ. ಒಂದು ವಾರದಿಂದ ಹಿಂಗೇ ಇದಾರೆ. ಫ್ಯಾಕ್ಟ್ರೀದೇನೋ. ನಂಗೆಲ್ಲಿ ಹೇಳ್ತಾರೆ," ಎಂದಳು ಅನಸೂಯಮ್ಮ.

ಅಷ್ಟೇ ಮಾತು. ಅಂಥ ಮುಖದ ಅಣ್ಣನ ಮುಂದೆ ಷೇರಿನ ವಿಷಯ ತೆಗೆಯುವುದು ಬೇಡವೆನಿಸಿ ಗಂಗರತ್ನಮ್ಮ ಹಾಗೇ ಬಂದಳು. ಬಂದ ಮರುದಿನ ಮುನೇಶ ಮತ್ತೆ ಬಾಗಿಲಿಗೆ ನಿಂತು, ಅಡ್ವಾನ್ಸ್ ಕೊಡದಿದ್ದರೆ ವೇಮಗಲ್‌ನಲ್ಲಿ ಬೇರೆ ಕೆಲಸ ಒಪ್ಪಿಕೊಳ್ಳುತ್ತೇನೆ ಎಂದ. ಸಂಜೆ ಉಮೇಶ ಬಂದಾಗ ಆಕೆ ಹೇಳಿದಳು: "ಮಾರ್ಬಿಡೋ ಆ ಷೇರು. ಹುಳುಮನೆಗೆ ಎಷ್ಟು ಬೇಕೋ ಅಷ್ಟು ಮಾರು."

"ಮಾವನ್ನ ಕೇಳ್ತೀನಿ ಅಂದಿದ್ದೆ?"

"ಅವನಿಗೇ ಸಾಕಷ್ಟು ತಲೆನೋವು ಐತೆ. ಮಾರು ನೀನು."

ಉಮೇಶ ಮರುದಿನ ಕಾರ್ಖಾನೆಯ ಊಟದ ಬಿಡುವಿನಲ್ಲಿ ಫೋನಿನಲ್ಲೇ ಮಾರಿದ. ಕಂಪನಿಯ ಒಳಗಿನವರು ಮಾರುವ ಮುಂಚೆ ಒಪ್ಪಿಗೆ ಪಡೆಯಬೇಕು, ಅರ್ಧವಾರ್ಷಿಕ ಲೆಕ್ಕ ಹೊರಬೀಳುವ ತನಕ ಅವರಿಗೆ ಕೊಳ್ಳುವುದೂ ಮಾರುವುದೂ ನಿಷೇಧ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಮ್ಮ ಒಳಗಿನವಳು ಎಂಬುದೇ ಗೊತ್ತಿರಲಿಲ್ಲ.

ಮೂರು ವಾರದ ಮೇಲೆ ಕೋದಂಡ ಪೈಪ್ಸಿನ ಲೆಕ್ಕ ಹೊರಗೆ ಬಂತು. ನೆರೆ ರಾಜ್ಯದ ಒಬ್ಬ ದೊಡ್ಡ ಗಿರಾಕಿ ಕೈಬಿಟ್ಟಿದ್ದ. ಲಾಭ ಅರ್ಧಕ್ಕರ್ಧ ಇಳಿದಿತ್ತು. ಷೇರಿನ ಬೆಲೆ ಒಂದೇ ವಾರದಲ್ಲಿ ಟೊಮೇಟೊ ಬೆಲೆಯಂತೆ ಬಿತ್ತು. ಅದಾದ ಮೇಲೆ ಒಂದು ಇಂಗ್ಲಿಷ್ ವ್ಯಾಪಾರ ಪತ್ರಿಕೆಯ ಒಳಪುಟದಲ್ಲಿ ಪುಟ್ಟ ಸುದ್ದಿಯೊಂದು ಬಂತು: ಕೆಟ್ಟ ಸುದ್ದಿ ಹೊರಬೀಳುವ ಮುಂಚೆ ಪ್ರವರ್ತಕ ಕುಟುಂಬದ ಸದಸ್ಯೆ ಷೇರು ಮಾರಾಟ. ಹೆಸರು, ಗಂಗರತ್ನಮ್ಮ ಎಸ್.

ಮೊದಲು ಶ್ರೀಧರನ ಫೋನು ಬಂತು. ಉಮೇಶನ ಕಿವಿಯಿಂದ ಅದು ಸ್ಪೀಕರಿಗೆ ಬಂದು, ಹುಳುಮನೆಯ ತುಂಬ ಕೇಳಿಸಿತು.

"ಏನ್ಲಾ ಮಾಡಿದ್ದು ನೀನು? ಒಂದ್ ಮಾತು ಕೇಳಕ್ಕಾಗ್ತಿರ್ಲಿಲ್ವಾ? ಫಂಡ್‌ನೋರು ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ಮನೆಯೋರೇ ಮುಂಚೆ ಮಾರ್ಕೊಂಡ್ರು ಅಂತ ಅವ್ರು ಅಂದ್ರೆ ನಾನೇನ್ ಹೇಳ್ಲಿ?"

ಗಂಗರತ್ನಮ್ಮ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಯ ಮೇಲೆ ಹರವಿ, ಫೋನಿನ ಹತ್ತಿರ ಬಾಗಿದಳು. "ಶ್ರೀಧರಾ, ಅವನನ್ನ ಬೈಬೇಡ. ನಾನೇ ಮಾರಿಸಿದ್ದು."

"ನಮ್ಮ ಕಂಪ್ನಿ ಸೆಕ್ರೆಟರಿ ಬರ್ತಾರೆ ಅತ್ತೆ. ಅವ್ರಿಗೆ ಎಲ್ಲಾ ಹೇಳಿ," ಎಂದು ಇಟ್ಟುಬಿಟ್ಟ.

ಕಂಪನಿ ಸೆಕ್ರೆಟರಿ ರಾಧಾ ಕೋಲಾರದ ಹುಡುಗಿ. ಕಾನೂನು ಪ್ರಕಾರ ನಡೆದಿದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಕಾರಿನಲ್ಲಿ ಹುತ್ತೂರಿಗೆ ಬಂದು, ಚಪ್ಪಲಿ ಬಿಟ್ಟು, ಹುಳುಮನೆಯ ಬಾಗಿಲಲ್ಲಿ ಕಾಲಿಗೆ ಸುಣ್ಣದ ಪುಡಿ ತಗುಲಿಸಿಕೊಂಡು ಒಳಗೆ ಬಂದಳು. ಹುಳುಗಳು ದೊಡ್ಡವಾಗಿದ್ದವು, ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಗಂಗರತ್ನಮ್ಮ ಕೆಲಸ ನಿಲ್ಲಿಸುವಂತಿರಲಿಲ್ಲ. ರಾಧಾ ನಿಂತುಕೊಂಡೇ ವಿವರಿಸಿದಳು: ಪ್ರವರ್ತಕರು ಯಾರು, ಪಟ್ಟಿ ಏನು, ಆಕೆಯ ಹೆಸರು ಅದರಲ್ಲಿ ಇಷ್ಟು ವರ್ಷದಿಂದ ಇರುವುದು, ಒಳಗಿನ ಸುದ್ದಿ ತಿಳಿದು ಮಾರುವುದು ಯಾಕೆ ಅಪರಾಧ ಎಂಬುದು.

"ನಾನು ಅಲ್ಲಿಗೆ ಹೋಗೋದು ತಿಥಿಗೆ, ಹಬ್ಬಕ್ಕೆ. ಫ್ಯಾಕ್ಟ್ರಿ ಒಳಗೆ ಕಾಲಿಟ್ಟು ಎಷ್ಟೋ ವರ್ಷ ಆಯ್ತು. ನಾನು ಹೆಂಗಮ್ಮ ಒಳಗಿನೋಳು?" ಎಂದಳು ಗಂಗರತ್ನಮ್ಮ.

"ಕಾನೂನು ಹಂಗೇ ಅಮ್ಮ. ಚೇರ್ಮನ್ನರ ತಂಗಿ ಅಂದ್ಮೇಲೆ ಒಳಗಿನೋರೇ. ನಾವೂ ನಿಮಗೆ ಮುಂಚೇನೇ ತಿಳಿಸ್ಬೇಕಿತ್ತು. ಈಮೇಲ್ ಕಳಿಸ್ತಿದ್ವಿ, ಅದು ಯಾರ್ದೋ ಹಳೇ ಅಡ್ರೆಸ್ಸಿಗೆ ಹೋಗ್ತಿತ್ತು. ಅದು ನಮ್ ತಪ್ಪು." ರಾಧಾ ಪೆನ್ನು ತೆಗೆದಳು. "ಈಗ ಒಂದೇ ಪ್ರಶ್ನೆ. ಮಾರೋವಾಗ ಕಂಪ್ನಿಗೆ ತೊಂದ್ರೆ ಆಗ್ತಿದೆ ಅಂತ ನಿಮಗೆ ಏನಾದ್ರೂ ಗೊತ್ತಿತ್ತಾ? ಇಲ್ಲ ಅಂದ್ರೆ ಇಲ್ಲ ಅನ್ನಿ, ಸಾಕು."

ಇಲ್ಲ ಎನ್ನುವುದು ಸುಲಭವಿತ್ತು. ಆಕೆಗೆ ಗಿರಾಕಿಯ ಹೆಸರಿರಲಿ, ಕಂಪನಿ ಯಾರಿಗೆ ಮಾರುತ್ತದೆ ಎಂಬುದೂ ಗೊತ್ತಿರಲಿಲ್ಲ. ಉಮೇಶ ಬಾಗಿಲಲ್ಲಿ ನಿಂತು ಇಲ್ಲ ಎಂದು ತಲೆಯಾಡಿಸುತ್ತಿದ್ದ.

"ಅಣ್ಣ ಒಬ್ಬಟ್ಟು ಮುಟ್ಲಿಲ್ಲ. ಅತ್ತಿಗೆ ಫ್ಯಾಕ್ಟ್ರೀದೇನೋ ಅಂದ್ರು. ಅಷ್ಟು ಗೊತ್ತಿತ್ತು," ಎಂದಳು ಗಂಗರತ್ನಮ್ಮ.

ರಾಧಾಳ ಪೆನ್ನು ನಿಂತಿತು. "ಅದನ್ನ ಬರೆಯೋದು ಬೇಡಮ್ಮ. ಅದು ಸುದ್ದಿ ಅಲ್ಲ."

"ನೀನು ಕೇಳ್ದೆ, ನಾನು ಹೇಳ್ದೆ. ಬರಕೊಳ್ಳೋದು ಬಿಡೋದು ನಿಂದು ತಾಯಿ."

ರಾಧಾ ಹೇಗೆ ಬರೆದಳೋ ಗಂಗರತ್ನಮ್ಮನಿಗೆ ತಿಳಿಯಲಿಲ್ಲ. ಕಂಪನಿಯ ಸಮಿತಿ ಕೂತು, ಅಜಾಗರೂಕತೆಯಿಂದ ಆದ ತಪ್ಪು ಎಂದು ತೀರ್ಮಾನಿಸಿತು. ಬೆಲೆ ಬೀಳುವ ಮುಂಚೆ ಮಾರಿದ್ದರಿಂದ ಉಳಿದದ್ದೆಷ್ಟೋ ಅಷ್ಟನ್ನು ಹೂಡಿಕೆದಾರರ ರಕ್ಷಣೆಗೆಂದಿರುವ ನಿಧಿಗೆ ಕಟ್ಟಿಸಿಕೊಂಡು ಎಚ್ಚರಿಕೆ ಕೊಟ್ಟು ಬಿಟ್ಟಿತು. ದುಡ್ಡು ಸಾಲದೆ, ಹೊಸ ಹುಳುಮನೆಗೆ ಹಾಕಬೇಕೆಂದಿದ್ದ ತಾರಸಿ ಶೀಟಾಯಿತು. ಮುನೇಶ ಶೀಟಿನ ಕೆಳಗೆ ತೆಂಗಿನ ಗರಿ ಹೊದಿಸಿ ಬಿಸಿಲು ತಡೆದ. ಮುಂದಿನ ಬೆಳೆಗೆ ಗೂಡು ಚೆನ್ನಾಗಿಯೇ ಬಂತು.

ಊರಿಗೆ ಸುದ್ದಿ ಹೇಗೋ ಮುಟ್ಟಿತ್ತು. ಕೋಲಾರದ ಗೂಡಿನ ಮಾರುಕಟ್ಟೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಪರಿಚಯದ ರೀಲರ್ ಒಬ್ಬ, "ಏನಮ್ಮಾ, ಕಂಪ್ನಿ ಓನರ್ರು ನಮ್ ಹತ್ರ ಚೌಕಾಸಿ ಮಾಡ್ತೀರಲ್ಲ!" ಎಂದು ನಕ್ಕ. ಆಕೆ ಗೂಡಿನ ಬುಟ್ಟಿಯನ್ನು ತಕ್ಕಡಿಯತ್ತ ತಳ್ಳಿದಳು. ಅದು ಆಕೆಯನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಬೇರೆ. ಅಣ್ಣ ಆ ವಿಷಯವಾಗಿ ಒಂದು ಮಾತೂ ಆಡಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಡ್ರೈವರ್ ಕೈಲಿ ಬಂತು; ಅಣ್ಣ ಬರಲಿಲ್ಲ. ಯುಗಾದಿಗೆ ಸೀರೆ ಬಂತು; ಅಣ್ಣ ಬರಲಿಲ್ಲ. ಸೊಪ್ಪು ಹಾಕುವಾಗ ಆಕೆ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಬೇಸಿಗೆಯಿಂದ ಸುಮ್ಮನಿದ್ದವಳು ತಿಥಿಯಿಂದ ಬಂದ ಮರುದಿನವೇ ಯಾಕೆ ಮಾರು ಎಂದೆ? ಮುನೇಶ ಬಂದು ನಿಂತಿದ್ದಕ್ಕೋ? ಒಂದೊಂದು ಸಲ ಹೌದು ಎನಿಸುತ್ತಿತ್ತು. ಒಂದೊಂದು ಸಲ, ಮುನೇಶ ಒಂದು ನೆವ, ಮನಸ್ಸು ಅದಕ್ಕೂ ಮುಂಚೆಯೇ ಬಸ್ಸಿನಲ್ಲಿ ಬರುವಾಗ ಗಂಟು ಕಟ್ಟಿಕೊಂಡಿತ್ತು ಎನಿಸುತ್ತಿತ್ತು. ಸುಬ್ಬರಾಯಪ್ಪನನ್ನು ಕೇಳಿದಳು. ಅವನು ಬೀಡಿ ಆರಿಸಿ, "ಪೋನೀಲೇ, ಅಯಿಪೋಯಿಂದಿ ಗದಾ," ಎಂದ. ಬಿಡು, ಮುಗಿದು ಹೋಯಿತಲ್ಲ ಎಂದು ಅರ್ಥ.

ಮುಗಿದಿರಲಿಲ್ಲ. ಕೋದಂಡ ಪೈಪ್ಸಿನಲ್ಲಿ ಮುಂಬೈಯ ಒಂದು ಫಂಡಿನ ಪಾಲು ವರ್ಷವರ್ಷಕ್ಕೆ ಬೆಳೆಯುತ್ತ ಬಂದಿತ್ತು. ಬೆಲೆ ಬಿದ್ದಾಗ ಬೇರೆಯವರು ಮಾರಿದ್ದನ್ನೂ ಅವರೇ ಕೊಂಡರು. ಇನ್ನೆರಡು ಸಂಸ್ಥೆಗಳು ಅವರ ಹಿಂದೆ ಬಂದವು. ಸಂಸ್ಥೆಗಳೆಲ್ಲ ಸೇರಿದರೆ ಅಣ್ಣನ ಮನೆಯಷ್ಟೇ ತೂಕ. ಅವರ ಕಡೆಯವರು ಇಬ್ಬರು ಮಾಲೂರಿಗೆ ಬಂದು, ಕಾರ್ಖಾನೆ ನೋಡಿ, ಊಟ ಮಾಡಿ, ನಯವಾಗಿಯೇ ಒಂದು ಮಾತು ಹೇಳಿ ಹೋದರು: ಕಂಪನಿ ನಡೆಸುವುದರಲ್ಲಿ ಕೈಯಿಲ್ಲದ ನೆಂಟರು ಪ್ರವರ್ತಕರ ಪಟ್ಟಿಯಲ್ಲಿ ಯಾಕಿರಬೇಕು? ಅವರನ್ನು ಸಾರ್ವಜನಿಕರ ಕಡೆಗೆ ಕಳಿಸಿ. ಇಂಥ ಮುಜುಗರ ಮತ್ತೆ ಬರುವುದಿಲ್ಲ.

ಆ ಮಾತು ಹೇಳಲು ದೊಡ್ಡನಾರಾಯಣಪ್ಪ ತಾನೇ ಬಂದ. ಡ್ರೈವರನನ್ನು ಕಾರಿನ ಹತ್ತಿರ ಬಿಟ್ಟು, ಹಿತ್ತಿಲ ಕಡೆಯಿಂದ ತೋಟಕ್ಕೆ ಬಂದ. ಗಂಗರತ್ನಮ್ಮ ಸೊಪ್ಪಿನ ಕಡ್ಡಿ ಕೊಯ್ಯುತ್ತಿದ್ದಳು. ಅಣ್ಣ ಸೊರಗಿದ್ದ, ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು.

"ನಿನ್ ಹೆಸರು ತೆಗೀತಾರಂತೆ ಗಂಗಾ," ಎಂದ ಬದುವಿನ ಮೇಲೆ ಕೂರುತ್ತ. "ಪ್ರವರ್ತಕರ ಪಟ್ಟಿಯಿಂದ. ಷೇರು ನಿಂದು ನಿಂಗೇ ಇರ್ತದೆ. ಹೆಸರು ಮಾತ್ರ ಸಾರ್ವಜನಿಕರ ಜೊತೆಗೆ ಹೋಗ್ತದೆ. ನೀನು ಒಂದು ಸೈನ್ ಹಾಕ್ಬೇಕು."

"ಏನಂತ?"

"ಕಂಪ್ನಿಗೂ ನಂಗೂ ಏನೂ ಸಂಬಂಧ ಇಲ್ಲ, ಅದನ್ನ ನಡಸೋದ್ರಲ್ಲಿ ನನ್ ಕೈ ಇಲ್ಲ ಅಂತ."

ಗಂಗರತ್ನಮ್ಮ ಕುಡುಗೋಲನ್ನು ಕೆಳಗಿಟ್ಟಳು. "ಹಾಕೋವಾಗ ನನ್ನ ಕೇಳಿದ್ರಾ ಅಣ್ಣ?"

"ಇಲ್ಲ."

"ಇದೀನಿ ಅಂತಾನೇ ಗೊತ್ತಿರ್ಲಿಲ್ಲ ನಂಗೆ. ಈಗ ತೆಗೀತೀವಿ ಅಂದ್ರೆ ಏನೋ ಒಂಥರಾ ಆಗ್ತದೆ. ಯಾಕೋ ಗೊತ್ತಿಲ್ಲ."

ದೊಡ್ಡನಾರಾಯಣಪ್ಪ ಒಂದು ಹಿಪ್ಪುನೇರಳೆ ಎಲೆ ಕಿತ್ತು ಬೆರಳಿನಲ್ಲಿ ಮಡಿಸತೊಡಗಿದ. "ನಂದೂ ಅಷ್ಟೇ ಕಣಮ್ಮ. ಮುಂಬೈನೋರು ಕೆಮ್ಮಿದ್ರೆ ನಾವಿಲ್ಲಿ ನೀರು ಕುಡೀಬೇಕು. ಹೋದ ತಿಂಗಳು ಬೋರ್ಡಿಗೆ ಅವ್ರ ಕಡೆಯೋನೊಬ್ಬನ್ನ ಕೂರಿಸಿದ್ರು. ಒಳ್ಳೆ ಹುಡುಗ. ಪೈಪು ಅಂದ್ರೆ ಏನು ಅಂತ ನಾನೇ ತೋರಿಸ್ದೆ."

ಪಕ್ಕದ ಹೊಲದಲ್ಲಿ ಯಾರೋ ಮೋಟರ್ ಹಾಕಿದರು. ಇಷ್ಟು ತಿಂಗಳು ತನ್ನೊಳಗೇ ಇಟ್ಟುಕೊಂಡಿದ್ದನ್ನು ಗಂಗರತ್ನಮ್ಮ ಹೇಳಿಬಿಟ್ಟಳು: "ನಿನ್ ಮುಖ ನೋಡಿ ಮಾರಿದ್ನೋ, ಹುಳುಮನೆಗೆ ಅಂತ ಮಾರಿದ್ನೋ, ನಂಗೇ ಗೊತ್ತಾಗ್ತಿಲ್ಲ ಕಣಣ್ಣ. ನಿಂಗೆ ಕೋಪ ಇದ್ರೆ ಬೈದ್ಬಿಡು."

"ಕೋಪ ಇತ್ತು. ಸುಳ್ಳು ಯಾಕೆ ಹೇಳ್ಲಿ." ಅವನು ಎಲೆ ಬಿಸಾಡಿದ. "ಆಮೇಲೆ ರಾಧಾ ಬಂದು ನೀನು ಏನಂದೆ ಅಂತ ಹೇಳಿದ್ಳು. ಆ ವಾರ ಬೋರ್ಡ್ ಮೀಟಿಂಗಲ್ಲಿ ಕೂತಿದ್ದೆ, ಆಡಿಟರ್ ಜೊತೆ ಕೂತಿದ್ದೆ, ಸ್ವಂತ ಮಗನ ಜೊತೆ ಕಾರಲ್ಲಿ ಓಡಾಡ್ದೆ. ಉಣ್ಣಲಿಲ್ಲ ಅಂತ ಅವ್ರಲ್ಲಿ ಯಾರೂ ನೋಡ್ಲಿಲ್ಲ, ನೀನು ನೋಡ್ದೆ. ಅಷ್ಟು ಗೊತ್ತಾದ್ಮೇಲೂ ಬರೋಕೆ ಕಾಲು ಬರ್ಲಿಲ್ಲ. ನಾಚಿಕೆ ಆಯ್ತು."

"ಯಾಕೆ ನಾಚಿಕೆ?"

"ಅಪ್ಪನ ಹೊಲ ಕೊಟ್ಟೋಳ ಹತ್ರ ಸಂಬಂಧ ಇಲ್ಲ ಅಂತ ಬರಿಸ್ಕೋಬೇಕಲ್ಲ, ಅದಕ್ಕೆ."

ಗಂಗರತ್ನಮ್ಮ ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು. "ತಾ, ಎಲ್ಲಿ ಹಾಕ್ಬೇಕು ಸೈನು? ಹುಳು ಹಸ್ಕೊಂಡಿರ್ತವೆ," ಎಂದಳು. ಕನ್ನಡದಲ್ಲಿ ದುಂಡಗೆ ಹೆಸರು ಬರೆದಳು. ಅಣ್ಣ ಊಟಕ್ಕೆ ನಿಂತ. ಮುದ್ದೆ, ಅವರೆಕಾಳಿನ ಸಾರು ಉಂಡು, ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಪಟ್ಟಿಯಿಂದ ಹೆಸರು ತೆಗೆಯಲು ಷೇರುದಾರರು ಓಟು ಹಾಕಬೇಕಿತ್ತು. ಪ್ರವರ್ತಕರ ಮನೆಯವರು ಅದರಲ್ಲಿ ಓಟು ಹಾಕುವಂತಿಲ್ಲ. ತಂಗಿಯನ್ನು ಹೊರಗೆ ಕಳಿಸುವುದೋ ಬೇಡವೋ ಎಂಬುದನ್ನು ಅಣ್ಣ ಬಿಟ್ಟು ಉಳಿದವರೆಲ್ಲ ತೀರ್ಮಾನಿಸಬೇಕು. ಮಾಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ವಾರ್ಷಿಕ ಸಭೆ. ನಾನೂ ನೋಡಬೇಕು ಎಂದು ಗಂಗರತ್ನಮ್ಮ ಹಟ ಹಿಡಿದಳು. ಉಮೇಶ ಬೈಕಿನಲ್ಲಿ ಕರೆದುಕೊಂಡು ಹೋದ. ಮುಂದಿನ ಸಾಲಿನಿಂದ ಅನಸೂಯಮ್ಮ ಕೈಬೀಸಿ ಕರೆದಳು. ಗಂಗರತ್ನಮ್ಮ ಇಲ್ಲೇ ಇರಲಿ ಎಂದು ಸನ್ನೆ ಮಾಡಿ ಹಿಂದಿನ ಸಾಲಿನಲ್ಲಿ ಕೂತಳು. ಉಮೇಶ ಗಾಡಿ ನಿಲ್ಲಿಸಲು ಹೋದ.

ಪಕ್ಕದ ಕುರ್ಚಿಯಲ್ಲಿ ಆವನಿಯ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಇದ್ದ. ವರದಿಯ ಪುಸ್ತಕದಲ್ಲಿ ಅಲ್ಲಲ್ಲಿ ಗೀಟು ಎಳೆದುಕೊಂಡು ಬಂದಿದ್ದ. ಶ್ರೀಧರ್ ವೇದಿಕೆಯ ಮೇಲೆ ಒಂದೊಂದೇ ನಿರ್ಣಯ ಓದುತ್ತ, ಹೆಸರು ತೆಗೆಯುವ ಏಳನೆಯದಕ್ಕೆ ಬಂದಾಗ, ಪೋಸ್ಟ್‌ಮಾಸ್ಟರ್ ಗಂಗರತ್ನಮ್ಮನ ಕಡೆ ಬಾಗಿದ.

"ಇದೇ ನೋಡಿ ಆವಮ್ಮ. ನಷ್ಟ ಆಗೋದು ಮುಂಚೇನೇ ಗೊತ್ತಾಗಿ ಮಾರ್ಕೊಂಡ್ಳಂತೆ. ಈಗ ಹೊರಗಡೆ ಹಾಕ್ತಿದಾರೆ. ಹಾಕ್ಬೇಕು ಬಿಡಿ. ನಮ್ಮಂಥೋರು ಮುಳುಗೋದು, ಅವ್ರು ದಡ ಸೇರೋದು. ನಾನಂತೂ ಫೋನಲ್ಲೇ ಓಟು ಒತ್ತಿ ಬಂದೆ."

"ನಾನೇ ಸ್ವಾಮಿ ಆವಮ್ಮ," ಎಂದಳು ಗಂಗರತ್ನಮ್ಮ.

ಪೋಸ್ಟ್‌ಮಾಸ್ಟರ್ ಆಕೆಯ ಮುಖ ನೋಡಿದ, ಸೊಪ್ಪಿನ ಕಲೆ ಹತ್ತಿದ ಬೆರಳು ನೋಡಿದ, ಮತ್ತೆ ಮುಖ ನೋಡಿದ. ತಪ್ಪು ತಿಳೀಬೇಡಿ ಎಂದು ಏನೋ ಗೊಣಗಿದ. ಎರಡು ನಿಮಿಷ ಪುಸ್ತಕದ ಹಾಳೆ ಮಗುಚಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅಮ್ಮಾ, ಹೇಗೂ ಸಿಕ್ಕಿದೀರಿ. ಈಗ ಇಟ್ಕೊಳ್ಳೋದಾ, ಮಾರೋದಾ? ಮಗಳ ಮದ್ವೆ ಐತೆ."

ಗಂಗರತ್ನಮ್ಮನಿಗೆ ಮೊದಲ ಸಲ ಈ ವಿಷಯದಲ್ಲಿ ನಗು ಬಂತು. "ಗೊತ್ತಿದ್ರೂ ಹೇಳಬಾರದಂತೆ ಸ್ವಾಮಿ. ಗೊತ್ತೂ ಇಲ್ಲ," ಎಂದಳು. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಊಟದ ಹೊತ್ತಿನ ತನಕ ಆಕೆ ಯಾವ ಕಡೆ ನೋಡುತ್ತಾಳೆ, ಯಾರಿಗೆ ನಮಸ್ಕಾರ ಮಾಡುತ್ತಾಳೆ ಎಂದು ಗಮನಿಸುತ್ತಲೇ ಇದ್ದ.

ಓಟಿನ ಎಣಿಕೆ ಎರಡು ದಿನದ ಮೇಲೆ ಬಂತು. ಸಂಸ್ಥೆಗಳೆಲ್ಲ ಒಂದೇ ಕಡೆ ಒತ್ತಿದ್ದವು. ವಿರೋಧ ಇಲ್ಲವೆನ್ನುವಷ್ಟು ಕಡಿಮೆ. ಷೇರು ಪೇಟೆಯ ಒಪ್ಪಿಗೆ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಒಂದು ಸಂಜೆ ಉಮೇಶ ಫೋನು ಹಿಡಿದು ಬಂದ. "ಅಮ್ಮ, ಹೊಸ ಪಟ್ಟಿ ಬಂದೈತೆ. ಮೇಲೆ ಮಾವನ ಮನೆ ಮೂರೇ ಹೆಸರು. ನೀನು ಕೆಳಗೆ ಹೋದೆ."

"ಕೆಳಗೆ ಯಾರ ಜೊತೆ?"

"ಹೆಸರು ಹಾಕಿಲ್ಲ. ಇಷ್ಟು ಸಾವಿರ ಜನ ಅಂತ ಅಷ್ಟೇ."

"ಸರಿ ಬಿಡು," ಎಂದು ಆಕೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಬಿದಿರ ತಟ್ಟೆಗೆ, ಚಂದ್ರಿಕೆಗೆ, ಬಿಡುವುದರಲ್ಲಿ ತೊಡಗಿದಳು. ಅವು ತಲೆಯೆತ್ತಿ ಜಾಗ ಹುಡುಕುತ್ತಿದ್ದವು, ಕಾಯುವಂಥವಲ್ಲ.

ಆಮೇಲಿನ ಎರಡು ವರ್ಷದಲ್ಲಿ ಕಂಪನಿ ಚೇತರಿಸಿಕೊಂಡಿತು. ಹೊಸ ಗಿರಾಕಿಗಳು ಬಂದರು. ದೊಡ್ಡನಾರಾಯಣಪ್ಪನಿಗೆ ವಯಸ್ಸಾಯಿತೆಂದು ಗೌರವದ ಒಂದು ಹುದ್ದೆ ಕೊಟ್ಟು, ಹೊರಗಿನ ಒಬ್ಬ ಅನುಭವಿಯನ್ನು ಮೇಲಿನ ಕುರ್ಚಿಗೆ ತಂದರು. ಶ್ರೀಧರ್ ಅವನ ಕೆಳಗೆ ಕಾರ್ಖಾನೆ ನೋಡಿಕೊಂಡ. ಅದು ಅವನಿಗೆ ಹಗುರವೇ ಆಯಿತು ಎಂದು ಅನಸೂಯಮ್ಮ ಹೇಳುತ್ತಾಳೆ. ಗಂಗರತ್ನಮ್ಮ ಉಳಿದ ಷೇರು ಮಾರಲಿಲ್ಲ. ಈಗ ಯಾವಾಗ ಬೇಕಾದರೂ ಮಾರಬಹುದು, ಯಾರನ್ನೂ ಕೇಳಬೇಕಿಲ್ಲ ಎಂದು ಉಮೇಶ ಆಗಾಗ ನೆನಪಿಸುತ್ತಾನೆ. ಅಣ್ಣನಿಂದ ಏನಾದರೂ ತಿಳಿದು ಮಾರಿದರೆ ಹೊರಗಿನವರಿಗೂ ಅದೇ ಕಾನೂನು ಎಂದು ರಾಧಾ ಹೇಳಿದ್ದು ಆಕೆಗೆ ನೆನಪಿದೆ. ಆದ್ದರಿಂದ ಅಣ್ಣ ಕಾರ್ಖಾನೆಯ ಮಾತು ತೆಗೆದರೆ ಆಕೆ ಬೇರೆ ಮಾತಿಗೆ ಹೊರಳುತ್ತಾಳೆ.

ದೊಡ್ಡನಾರಾಯಣಪ್ಪ ಈಗ ತಿಂಗಳಿಗೊಂದು ಸಲವಾದರೂ ಹುತ್ತೂರಿಗೆ ಬರುತ್ತಾನೆ. ಹೋದ ಸಲ ಬಂದಾಗ ಹಿಪ್ಪುನೇರಳೆ ಸಾಲಿನಲ್ಲಿ ಒಂದು ಕಡೆ ನೀರು ಚಿಮ್ಮುತ್ತಿತ್ತು. ಪೈಪಿನ ಜಾಯಿಂಟು ಬಿಟ್ಟಿತ್ತು. ಸುಬ್ಬರಾಯಪ್ಪ ಏಳುವ ಮುಂಚೆ ಅವನೇ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದ. ಪೈಪು ಕೈಗೆತ್ತಿಕೊಂಡು, ಅದರ ಮೇಲೆ ಅಚ್ಚಾಗಿದ್ದ ಹೆಸರು ಓದಿ, ತಂಗಿಯ ಕಡೆ ತಿರುಗಿದ.

"ಇದು ನಮ್ದಲ್ವಲ್ಲ!"

"ಅಂಗಡಿಯೋನು ಇದೇ ಐತೆ ಅಂದ. ನಿಮ್ದು ಬರೋದು ಹದಿನೈದು ದಿನ ಆಗ್ತದೆ ಅಂದ. ಬಿಸಿಲಲ್ಲಿ ಗಿಡ ಕಾಯ್ತದಾ?"

ದೊಡ್ಡನಾರಾಯಣಪ್ಪ ಪೈಪನ್ನು ಬಗ್ಗಿಸಿ ನೋಡಿದ, ಉಗುರಿನಿಂದ ಕೆರೆದು ನೋಡಿದ, ಬಿಸಿಲಿಗೆ ಹಿಡಿದು ಗೋಡೆಯ ದಪ್ಪ ನೋಡಿದ. "ಪರವಾಗಿಲ್ಲ. ಒಳ್ಳೆ ಮಾಲು," ಎಂದ. ಹಲ್ಲು ಕಚ್ಚಿ ಜಾಯಿಂಟನ್ನು ಒತ್ತಿ ಕೂರಿಸಿದ. ನೀರು ಚಿಮ್ಮುವುದು ನಿಂತು ಸಾಲಿನುದ್ದಕ್ಕೂ ಬುಡಬುಡಕ್ಕೆ ಹನಿಯತೊಡಗಿತು. ಗಂಗರತ್ನಮ್ಮ ಬದುವಿನ ಮೇಲೆ ನಿಂತು, ಕಾಲು ತೊಳೆಯಲು ಅವನಿಗೆ ಬಿಂದಿಗೆ ಹಿಡಿದಳು.